ಕ್ಯಾಮೆರಾ ಎಲ್ಲಿ ನಿಂತಿತ್ತು?

ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂದ ತಕ್ಷಣ ನಮಗೆಲ್ಲ ನೆನಪಾಗೋ ಪ್ರಶ್ನೆ ಒಂದಿದೆ. "ಇನ್ನು ಐದು ವರ್ಷದಲ್ಲಿ ನೀವು ಎಲ್ಲಿರ್ತೀರ?" ಇದಕ್ಕೆ ಉತ್ತರ ಸೀನಿಯರ್ಸ್ ಬ್ಯಾಚಿನಿಂದ ಬ್ಯಾಚಿಗೆ ನೋಟ್ಸ್ ತರಹ ಪಾಸ್ ಆಗ್ತಾ ಬಂದಿದೆ. ಟೀಮ್ ಲೀಡ್, ಪ್ರಾಡಕ್ಟ್ ಮ್ಯಾನೇಜರ್, ಇಲ್ಲಾಂದ್ರೆ ಸ್ವಂತ ಸ್ಟಾರ್ಟಪ್. ಗಮನಿಸಿ ನೋಡಿ, ಕೇಳಿದ್ದು 'ಎಲ್ಲಿ' ಅಂತ, ನಾವು ಕೊಡೋದು ಬರೀ ಹುದ್ದೆಯ ಹೆಸರು. ಯಾವ ಊರು, ಯಾರ ಪಕ್ಕ, ಯಾರ ಎದುರು, ಇದನ್ನ ಯಾರೂ ಹೇಳಲ್ಲ. ಇನ್ನೂ ಸೆಕೆಂಡ್ ಇಯರ್‌ನಲ್ಲಿರೋ ನಮಗೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳೋಕೆ ಟೈಮ್ ಇದೆ ಅಂತಾರೆ. ಆದರೂ ಈ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನ ನಾಲ್ಕೂ ಜನರ ತಲೆ ಕೆಡಿಸಿದ ಒಬ್ಬ ಮನುಷ್ಯರಿದ್ದಾರೆ. ಅವರ ವೃತ್ತಿಜೀವನವನ್ನ ರೆಸ್ಯೂಮೆ ತರಹ ಬರೆಯೋಕೆ ಕೂತರೆ, ಹುದ್ದೆಯ ಕಾಲಮ್‌ನಲ್ಲಿ ಐವತ್ತು ವರ್ಷ ಒಂದೇ ಪದ ಇರುತ್ತೆ: ಛಾಯಾಗ್ರಾಹಕ. 'ಎಲ್ಲಿ' ಅನ್ನೋ ಕಾಲಮ್ ಮಾತ್ರ ಪುಟಗಟ್ಟಲೆ ತುಂಬುತ್ತೆ.

ಅವರ ಹೆಸರು ನವ್ರೋಜ್ ಕಾಂಟ್ರಾಕ್ಟರ್. ಗುಜರಾತಿನವರು. ಬರೋಡಾದಲ್ಲಿ ಚಿತ್ರಕಲೆ ಕಲಿತು, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋದವರು. ನಂತರ ನಮ್ಮ ಬೆಂಗಳೂರಿಗೆ ಬಂದು ದಶಕಗಳ ಕಾಲ ಇಲ್ಲೇ ಇದ್ದರು. ಬೈಕ್ ಅಂದ್ರೆ ಪ್ರಾಣ. ಜಾಝ್ ಸಂಗೀತ ಅಂದ್ರೆ ಇನ್ನೊಂದು ಪ್ರಾಣ, ಜಾಝ್ ಕಲಾವಿದರ ಫೋಟೋಗಳನ್ನ ವರ್ಷಗಟ್ಟಲೆ ತೆಗೆದಿದ್ದಾರೆ. 2023ರ ಜೂನ್ 18ರಂದು, 80ರ ಆಸುಪಾಸಿನ ವಯಸ್ಸಿನಲ್ಲಿ, ಹೊಸೂರು ಕಡೆ ಬೈಕ್ ರೈಡ್ ಹೋಗಿದ್ದಾಗ ಆದ ಅಪಘಾತದಲ್ಲಿ ತೀರಿಕೊಂಡರು. ನಿಜ ಹೇಳಬೇಕಂದ್ರೆ, ನಮ್ಮ ರೂಮಿಗೆ ಅವರ ಹೆಸರು ಬಂದಿದ್ದೇ ಬೈಕಿನ ಮೂಲಕ. ಆ ವಯಸ್ಸಿನಲ್ಲೂ ದೂರದ ರೈಡ್ ಹೋಗ್ತಿದ್ದ ಒಬ್ಬರ ಬಗ್ಗೆ ನಮ್ಮ ಮೆಕ್ಯಾನಿಕಲ್ ಗೆಳೆಯ ಓದಿ ಹೇಳಿದ. ಅವರು ಹೊಟ್ಟೆಪಾಡಿಗೆ ಏನು ಮಾಡ್ತಿದ್ದರು ಅಂತ ಹುಡುಕಿದಾಗ ಸಿನಿಮಾ ಸಿಕ್ಕಿತು.

ಮೊದಲು ಸಿಕ್ಕಿದ್ದು 'ದುವಿಧಾ', 1973ರದ್ದು. ನಿರ್ದೇಶಕ ಮಣಿ ಕೌಲ್. ಕಥೆ ರಾಜಸ್ಥಾನದ ಲೇಖಕ ವಿಜಯದಾನ್ ದೇಥಾ ಅವರದ್ದು, ಚಿತ್ರೀಕರಣ ಆಗಿದ್ದು ದೇಥಾ ಅವರದೇ ಊರಾದ ಬೋರುಂದಾದಲ್ಲಿ. ವ್ಯಾಪಾರಿಯ ಮಗ ಹೊಸ ಹೆಂಡತಿಯನ್ನ ಬಿಟ್ಟು ದುಡಿಯೋಕೆ ಹೋಗ್ತಾನೆ, ಅವಳನ್ನ ಇಷ್ಟಪಟ್ಟ ಒಂದು ಭೂತ ಗಂಡನ ರೂಪದಲ್ಲೇ ಮನೆಗೆ ಬರುತ್ತೆ. ಅರೆ, ಇದು ಶಾರುಖ್‌ನ 'ಪಹೇಲಿ' ಅಲ್ವಾ ಅಂತ ಅಮ್ಮಂದಿರು ಕೇಳ್ತಾರೆ. ಹೌದು, ಅದೇ ಕಥೆ, 2005ರಲ್ಲಿ ಮತ್ತೆ ಸಿನಿಮಾ ಆಯ್ತು. ಆದರೆ 'ದುವಿಧಾ'ದಲ್ಲಿ ಕುಣಿತ ಇಲ್ಲ, ಗ್ರಾಫಿಕ್ಸ್ ಇಲ್ಲ. ಬಿಳಿ ಗೋಡೆ, ಕೆಂಪು ಬಟ್ಟೆ, ಕೈ, ಕಣ್ಣು. ಮಧ್ಯೆ ಮಧ್ಯೆ ಚಿತ್ರ ಫೋಟೋದ ಹಾಗೆ ನಿಂತೇ ಬಿಡುತ್ತೆ. ಮೊದಲ ಸಲ ಹಾಗೆ ಆದಾಗ ನಾವು ಹಾಸ್ಟೆಲ್ ವೈಫೈಗೆ ಬೈದು ರಿಫ್ರೆಶ್ ಒತ್ತಿದೆವು. ಎರಡನೇ ಸಲ ನಿಂತಾಗ ಸುಮ್ಮನೆ ನೋಡಿದೆವು.

ಇದನ್ನ 16 ಎಂಎಂ ಫಿಲ್ಮಿನಲ್ಲಿ ತೆಗೆದು, ಆಮೇಲೆ ಥಿಯೇಟರ್‌ಗೆ ಬೇಕಾದ 35 ಎಂಎಂಗೆ ದೊಡ್ಡದು ಮಾಡಿದರಂತೆ. 16 ಎಂಎಂ ಅಂದ್ರೆ ಏನು ಅಂತ ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ, ನಾವು ಎಂಜಿನಿಯರಿಂಗ್ ಹುಡುಗರಲ್ವಾ. ಒಂದು ಅಡಿ ಫಿಲ್ಮಿನಲ್ಲಿ 40 ಫ್ರೇಮ್. ಒಂದು ಸೆಕೆಂಡಿಗೆ 24 ಫ್ರೇಮ್ ಬೇಕು. ಚಿಕ್ಕ ರೋಲ್ 100 ಅಡಿ ಇರುತ್ತೆ, ಅಂದ್ರೆ 4000 ಫ್ರೇಮ್, ಅಂದ್ರೆ 2 ನಿಮಿಷ 46 ಸೆಕೆಂಡ್. ದೊಡ್ಡ ಮ್ಯಾಗಝೀನ್ 400 ಅಡಿ, ಹನ್ನೊಂದು ನಿಮಿಷ. ಮುಗಿದ ಮೇಲೆ ಬೆಳಕು ತಾಕದ ಹಾಗೆ ಕ್ಯಾಮೆರಾ ತೆಗೆದು ಹೊಸ ರೋಲ್ ಹಾಕಬೇಕು. ಬೋಲೆಕ್ಸ್ ತರಹದ ಕ್ಯಾಮೆರಾಗಳಿಗೆ ಬ್ಯಾಟರಿಯೂ ಬೇಕಿರಲಿಲ್ಲ, ಗಡಿಯಾರದ ಹಾಗೆ ಸ್ಪ್ರಿಂಗ್‌ಗೆ ಕೀ ಕೊಡೋದು. ಒಂದು ಸಲ ಪೂರ್ತಿ ಕೀ ಕೊಟ್ಟರೆ ಓಡೋದು ಅರ್ಧ ನಿಮಿಷಕ್ಕೂ ಕಮ್ಮಿ. ತೆಗೆದದ್ದು ಸರಿಯಾಗಿ ಬಂತಾ ಅಂತ ಆ ಜಾಗದಲ್ಲೇ ನೋಡೋ ಸ್ಕ್ರೀನ್ ಇಲ್ಲ. ಫಿಲ್ಮ್ ಲ್ಯಾಬಿಗೆ ಹೋಗಬೇಕು, ತೊಳೆದು ಪ್ರಿಂಟ್ ಆಗಿ ಬರಬೇಕು, ಅಲ್ಲಿವರೆಗೆ ಲೈಟ್ ಮೀಟರ್ ಮೇಲೆ ಮತ್ತು ಸ್ವಂತ ಕಣ್ಣಿನ ಮೇಲೆ ನಂಬಿಕೆ ಇಟ್ಟು ಕೂರಬೇಕು.

ನಮ್ಮ ಕಾಲೇಜಿನ ಫೆಸ್ಟ್ ಆಫ್ಟರ್‌ಮೂವಿಗೆ ಮೀಡಿಯಾ ಟೀಮ್ ತೆಗೆದ ಫುಟೇಜ್ ನೂರಾರು ಜಿಬಿ, ಕೊನೆಗೆ ಬಂದ ವಿಡಿಯೋ ಮೂರು ನಿಮಿಷ. ಅದರ ಕೆಲಸವೇ ಅದು, ಚೆನ್ನಾಗೂ ಇತ್ತು. ಆದರೆ ಮೂರು ನಿಮಿಷಕ್ಕೇ ರೋಲ್ ಮುಗಿಯುತ್ತೆ, ಅದಕ್ಕೆ ದುಡ್ಡೂ ಆಗುತ್ತೆ ಅಂತ ಗೊತ್ತಿದ್ದರೆ ಬಟನ್ ಒತ್ತೋ ಬೆರಳು ಬೇರೆ ಥರ ಯೋಚನೆ ಮಾಡುತ್ತೆ. ಮೊದಲು ನೋಡ್ಬೇಕು, ಕಾಯಬೇಕು. ಯಾರು ಮಾತಾಡ್ತಾರೆ, ಯಾವಾಗ ಮಾತಾಡ್ತಾರೆ ಅಂತ ಮುಂಚೆನೇ ಗೊತ್ತಿರಬೇಕು. ಅದು ಗೊತ್ತಾಗಬೇಕು ಅಂದ್ರೆ ಆ ಜನರ ಜೊತೆ ಇರಲೇಬೇಕು.

ನವ್ರೋಜ್ ಅವರ ಕೆಲಸದಲ್ಲಿ ನಮ್ಮನ್ನ ಹಿಡಿದು ನಿಲ್ಲಿಸಿದ್ದು ಈ 'ಜೊತೆ ಇರೋದು'. 1980ರಲ್ಲಿ ದೀಪಾ ಧನರಾಜ್, ಆಭಾ ಭಯ್ಯಾ, ಮೀರಾ ರಾವ್ ಮತ್ತು ನವ್ರೋಜ್ ಸೇರಿ 'ಯುಗಾಂತರ್' ಅಂತ ಒಂದು ಗುಂಪು ಕಟ್ಟಿದರು. ನಿರ್ದೇಶಕಿ ದೀಪಾ ಧನರಾಜ್ ಅವರ ಬಾಳಸಂಗಾತಿ ಕೂಡ. ಹೆಂಗಸರ ಬದುಕು, ದುಡಿಮೆ, ಹೋರಾಟದ ಬಗ್ಗೆ ಸಿನಿಮಾ ಮಾಡೋದು ಈ ಗುಂಪಿನ ಉದ್ದೇಶ. ಕೆಲವೇ ವರ್ಷದಲ್ಲಿ ನಾಲ್ಕು ಸಿನಿಮಾ ಬಂತು. 'ಮೋಲಕರೀಣ್', ಪುಣೆಯ ಮನೆಗೆಲಸದ ಹೆಂಗಸರು ಸಂಘ ಕಟ್ಟಿದ ಕಥೆ. 'ತಂಬಾಕು ಚಾಕಿಲಾ ಊಬ್ ಆಲಿ', ತಂಬಾಕು ಕಾರ್ಖಾನೆಯ ಕೆಲಸಗಾರ್ತಿಯರದ್ದು. 'ಇದಿ ಕಥಾ ಮಾತ್ರಮೇನಾ', ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ಜೊತೆ ಸೇರಿ ಮಾಡಿದ, ಮನೆಯೊಳಗಿನ ಹಿಂಸೆಯ ಕುರಿತ ತೆಲುಗು ಚಿತ್ರ. 'ಸುದೇಶಾ', ಹಿಮಾಲಯದ ತಪ್ಪಲಲ್ಲಿ ಚಿಪ್ಕೋ ಚಳವಳಿಯಲ್ಲಿದ್ದ ಒಬ್ಬ ಹೆಂಗಸಿನ ಚಿತ್ರ.

ಎರಡನೆಯದರ ಹೆಸರು ಕೇಳಿ ಮರಾಠಿ ಸಿನಿಮಾ, ಮಹಾರಾಷ್ಟ್ರದ ಕಥೆ ಅಂತ ಅಂದುಕೊಂಡಿರಾ? ಅದು ನಡೆಯೋದು ನಿಪ್ಪಾಣಿಯಲ್ಲಿ. ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಆ ಊರಿನ ಬಗ್ಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರೋದು ಎರಡೇ ವಿಷಯ: ಕೊಲ್ಹಾಪುರದ ದಾರಿಯಲ್ಲಿ ಸಿಗುತ್ತೆ, ಗಡಿ ವಿವಾದದ ಸುದ್ದಿಯಲ್ಲಿ ಬರುತ್ತೆ. ಅದು ಬೀಡಿ ತಂಬಾಕಿನ ದೊಡ್ಡ ಪೇಟೆ ಅನ್ನೋದಾಗಲಿ, 1981ರಲ್ಲಿ ತಂಬಾಕು ಬೆಳೆಯೋ ರೈತರು ಅಲ್ಲಿ ದೊಡ್ಡ ಚಳವಳಿ ಮಾಡಿ ಗೋಲಿಬಾರ್ ನಡೆದಿತ್ತು ಅನ್ನೋದಾಗಲಿ ಕಡಿಮೆ ಜನಕ್ಕೆ ಗೊತ್ತು. ಆ ತಂಬಾಕನ್ನ ಕುಟ್ಟಿ, ಜರಡಿ ಹಿಡಿದು, ಧೂಳಿನಲ್ಲೇ ದಿನವಿಡೀ ಕೂತು ಕೆಲಸ ಮಾಡ್ತಿದ್ದ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದ್ದು ಇನ್ನೂ ಕಡಿಮೆ ಜನಕ್ಕೆ ಗೊತ್ತು.

ಯುಗಾಂತರ್ ತಂಡ ಆ ಹೆಂಗಸರ ಜೊತೆ ನಾಲ್ಕು ತಿಂಗಳು ಕಳೆಯಿತು. ಪೂರ್ತಿ ಒಂದು ಸೆಮಿಸ್ಟರ್! ಏನನ್ನ ತೋರಿಸಬೇಕು ಅಂತ ಆ ಹೆಂಗಸರನ್ನೇ ಕೇಳಿ, ಅವರು ಹೇಳಿದ್ದನ್ನ ಹಿಂಬಾಲಿಸಿತು. ಹಾಗಾಗಿ ಹೊರಗಿನವರು ಯಾರೂ ನೋಡಿರದ ಕಾರ್ಖಾನೆಯ ಒಳಗು ಸಿನಿಮಾದಲ್ಲಿ ಬಂತು. ಆಗಲೇ ನಡೆದುಹೋಗಿದ್ದ ಮುಷ್ಕರವನ್ನ ಆ ಹೆಂಗಸರೇ ಕ್ಯಾಮೆರಾ ಮುಂದೆ ಮತ್ತೆ ಮಾಡಿ ತೋರಿಸಿದರು. ಇಷ್ಟೆಲ್ಲ ಆದ ಮೇಲೆ ಸಿನಿಮಾ ಎಷ್ಟುದ್ದ? ಅರ್ಧ ಗಂಟೆಗೂ ಕಡಿಮೆ.

ನಾವು ಅದನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದು ಇಂಗ್ಲಿಷ್ ಸಬ್‌ಟೈಟಲ್ ಜೊತೆ. ಕಪ್ಪುಬಿಳುಪು. ಗಾಳಿಯಲ್ಲಿ ಧೂಳು. ನಮ್ಮಲ್ಲಿ ಮೂರು ಜನ ಸಬ್‌ಟೈಟಲ್ ಓದ್ತಿದ್ದೆವು. ನಾಲ್ಕನೆಯವನು ಚಿಕ್ಕೋಡಿ ಕಡೆಯವನು. ಅವನು ಓದ್ತಾ ಇರಲಿಲ್ಲ, ಕೇಳ್ತಾ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿ, "ಇಂಗ್ಲಿಷ್‌ನಾಗ ಅರ್ಧನೂ ಬಂದಿಲ್ಲ" ಅಂದ. ಆಮೇಲೆ ಒಂದೊಂದೇ ಮಾತನ್ನ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳೋಕೆ ಶುರು ಮಾಡಿದ. ಅರ್ಧ ಗಂಟೆಯ ಸಿನಿಮಾ ಮುಗಿಯೋಕೆ ರಾತ್ರಿ ಎರಡಾಯ್ತು. ಮುಗಿದ ಮೇಲೆ ಹೇಳಿದ, ಅವನ ಅಜ್ಜಿ ಮದುವೆಯಾಗಿ ಬಂದ ಹೊಸತರಲ್ಲಿ ಇಂಥದ್ದೇ ಒಂದು ವಖಾರಿಯಲ್ಲಿ ಕೆಲಸ ಮಾಡಿದ್ದರಂತೆ. ಒಂದೂವರೆ ವರ್ಷದಿಂದ ಒಂದೇ ರೂಮಿನಲ್ಲಿದ್ದೇವೆ, ಅವನ ಸಿಜಿಪಿಎ ಎರಡು ದಶಮಾಂಶದವರೆಗೆ ಗೊತ್ತು, ಇದು ಗೊತ್ತಿರಲಿಲ್ಲ. ಅವನಿಗೇ ಹೆಚ್ಚು ಗೊತ್ತಿರಲಿಲ್ಲ. "ಅಜ್ಜಿಗೆ ಕೆಮ್ಮು ಐತಿ ಅಂತ ಗೊತ್ತಿತ್ತು" ಅಂದ ಅಷ್ಟೇ.

ನವ್ರೋಜ್ ಅವರ ಮುಂದಿನ ದಾರಿಯೂ ಇದೇ ಥರದ್ದು. 1984ರಲ್ಲಿ ಹೈದರಾಬಾದಿನ ಹಳೆ ನಗರದಲ್ಲಿ ಕೋಮುಗಲಭೆ ನಡೆದಾಗ ಅವರ ಕ್ಯಾಮೆರಾ ಅಲ್ಲಿತ್ತು. ನಾಯಕರ ಭಾಷಣಗಳು, ಮೆರವಣಿಗೆಗಳು, ಕರ್ಫ್ಯೂನಲ್ಲಿ ಸಿಕ್ಕಿಕೊಂಡ ಬಡವರ ಮನೆಗಳು ಎಲ್ಲ ಸೇರಿ 1986ರಲ್ಲಿ ದೀಪಾ ಧನರಾಜ್ ಅವರ 'ಕ್ಯಾ ಹುವಾ ಇಸ್ ಶಹರ್ ಕೋ' ಆಯ್ತು. 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ನಮ್ಮ ದೇಶದ ಕುಟುಂಬ ಯೋಜನೆಯ ಬಗ್ಗೆ. ಅದರಲ್ಲಿ ಒಬ್ಬ ಡಾಕ್ಟರ್ ಸಾಲಾಗಿ ಮಲಗಿಸಿದ ಹೆಂಗಸರಿಗೆ ಅಸೆಂಬ್ಲಿ ಲೈನ್ ತರಹ ಸಂತಾನಹರಣ ಆಪರೇಷನ್ ಮಾಡ್ತಾ ಹೋಗ್ತಾರೆ, ತಮ್ಮ ವೇಗದ ಬಗ್ಗೆ ಹೆಮ್ಮೆಯಿಂದ ಮಾತಾಡ್ತಾರೆ. ಪ್ರೊಡಕ್ಷನ್ ಎಂಜಿನಿಯರಿಂಗ್‌ನಲ್ಲಿ ನಾವು ಓದೋ 'ಥ್ರೂಪುಟ್' ಅನ್ನೋ ಪದ ನೆನಪಾಗಿ ಹೊಟ್ಟೆ ತೊಳಸಿತು. ಅದೇ ಸಿನಿಮಾದಲ್ಲಿ ಇನ್ನೊಂದು ಕಡೆ ಹೆಂಗಸರು ಸುತ್ತ ಕೂತು ತಮ್ಮ ದೇಹದ ಬಗ್ಗೆ, ಮಕ್ಕಳ ಬಗ್ಗೆ, ಗಂಡಂದಿರ ಬಗ್ಗೆ ಮಾತಾಡ್ತಾರೆ, ನಗ್ತಾರೆ. ಎರಡೂ ಕಡೆ ಕ್ಯಾಮೆರಾ ಹಿಡಿದವರು ಅವರೇ. ಒಬ್ಬ ಗಂಡಸು ಕ್ಯಾಮೆರಾ ಹಿಡಿದು ಪಕ್ಕದಲ್ಲಿದ್ದರೂ ಆ ಹೆಂಗಸರು ಅಷ್ಟು ಆರಾಮಾಗಿ ಮಾತಾಡಿದ್ದಾರೆ ಅಂದ್ರೆ ಆ ನಂಬಿಕೆ ಒಂದು ದಿನದಲ್ಲಿ ಬಂದಿರಲ್ಲ. ಅದನ್ನ ಯಾವ ಲೆನ್ಸೂ ಕೊಡಲ್ಲ.

ಆಮೇಲೆ ಅವರೇ ನಿರ್ದೇಶಿಸಿದ 'ಝಾಡೂ ಕಥಾ'. ರಾಜಸ್ಥಾನದ ಪೊರಕೆಗಳ ಬಗ್ಗೆ! ಪೊರಕೆ ಯಾವ ಹುಲ್ಲಿಂದ ಮಾಡ್ತಾರೆ, ಯಾರು ಮಾಡ್ತಾರೆ, ಅದನ್ನ ಹಿಡಿದು ಗುಡಿಸೋರು ಯಾರು, ಅವರ ಜಾತಿ ಯಾವುದು. ಪೊರಕೆ ಮೇಲೆ ಒಂದು ಡಾಕ್ಯುಮೆಂಟರಿ ಅಂದಾಗ ನಾವು ನಕ್ಕಿದ್ದೆವು, ಜಾತಿಯ ಮಾತು ಬಂದ ಮೇಲೆ ನಗು ನಿಂತಿತು.

ಈಗ ದುಡ್ಡಿನ ಮಾತು. ಯಾಕಂದ್ರೆ ಓದ್ತಿರೋ ನಿಮ್ಮ ಮನಸ್ಸಲ್ಲಿ ಅದೇ ಓಡ್ತಾ ಇರುತ್ತೆ, ನಮಗೂ ಓಡಿತ್ತು. ನಮ್ಮ ಅಜ್ಜ ಅಜ್ಜಿಯರಿಗೆ ಡಾಕ್ಯುಮೆಂಟರಿ ಅಂದ್ರೆ ಟಾಕೀಸಿನಲ್ಲಿ ಸಿನಿಮಾ ಶುರುವಾಗೋ ಮೊದಲು ತೋರಿಸ್ತಿದ್ದ ಸರ್ಕಾರಿ ರೀಲು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ ಅದನ್ನ ಮಾಡ್ತಿತ್ತು, ಅಲ್ಲಿ ಕೆಲಸ ಸಿಕ್ಕರೆ ಸಂಬಳ ಬರ್ತಿತ್ತು. ಅದರ ಹೊರಗೆ ನಿಂತು ಸ್ವಂತ ಸಿನಿಮಾ ಮಾಡೋರಿಗೆ ತಿಂಗಳ ಸಂಬಳ ಇಲ್ಲ, ಬಿಡುಗಡೆ ಇಲ್ಲ, ಟಿಕೆಟ್ ಕಲೆಕ್ಷನ್ ಇಲ್ಲ. ಪ್ರೊಜೆಕ್ಟರ್ ಹೊತ್ತುಕೊಂಡು ಸಂಘಗಳಿಗೆ, ಕಾಲೇಜುಗಳಿಗೆ ಹೋಗಿ ತೋರಿಸೋದು. ಅದರಲ್ಲೂ ಛಾಯಾಗ್ರಾಹಕ ಅಂದ್ರೆ ಇನ್ನೊಬ್ಬರ ಸಿನಿಮಾಗೆ ಕೆಲಸ ಮಾಡೋನು. ಪೋಸ್ಟರ್ ಮೇಲೆ ಹೆಸರು ಚಿಕ್ಕದು. ನವ್ರೋಜ್ ಕಥಾಚಿತ್ರಗಳಿಗೂ ಕ್ಯಾಮೆರಾ ಹಿಡಿದರು, ಫೋಟೋ ತೆಗೆದರು, ಬರೆದರು. ಒಂದೇ ಕೆಲಸ ಹಿಡಿದು ಕೂತವರಲ್ಲ. 'ಪ್ಯಾಷನ್ ಫಾಲೋ ಮಾಡಿ, ದುಡ್ಡು ತಾನಾಗೇ ಬರುತ್ತೆ' ಅಂತ ನಾವು ಇಲ್ಲಿ ಬರೆದರೆ ಅದು ಸುಳ್ಳಾಗುತ್ತೆ. ನಮ್ಮ ನಾಲ್ವರಲ್ಲಿ ಒಬ್ಬನಿಗೆ ಕ್ಯಾಮೆರಾ ಹುಚ್ಚಿದೆ, ಬಿಇ ಮುಗಿಸಿ ಪುಣೆಯ ಎಂಟ್ರೆನ್ಸ್ ಬರೆಯೋ ಆಸೆ. ಅವನ ಮನೆ ಮೇಲೆ ಎಜುಕೇಶನ್ ಲೋನ್ ಇದೆ. ಅವನ ಅಪ್ಪ "ಮೊದಲು ಲೋನ್ ತೀರಲಿ" ಅಂತಾರೆ. ಆ ಮಾತಲ್ಲಿ ತಪ್ಪು ಹುಡುಕೋಕೆ ನಮಗೆ ಆಗಲಿಲ್ಲ. ಆದರೂ ಅವನಿಗೆ ಬಿಟ್ಟುಬಿಡು ಅಂತ ಹೇಳೋಕೂ ಬಾಯಿ ಬರಲಿಲ್ಲ.

ಆದರೆ ಒಂದು ಲೆಕ್ಕ ಮಾತ್ರ ಪ್ಲೇಸ್‌ಮೆಂಟ್ ಟೇಬಲ್‌ನಲ್ಲಿ ಬರಲ್ಲ. ಆ ನಿಪ್ಪಾಣಿ ಸಿನಿಮಾದ ಹಳೇ ಪ್ರಿಂಟನ್ನ ಬರ್ಲಿನ್‌ನ ಆರ್ಸೆನಲ್ ಅನ್ನೋ ಸಂಸ್ಥೆ ಯುಗಾಂತರ್‌ನ ಉಳಿದ ಚಿತ್ರಗಳ ಜೊತೆ ಸರಿಪಡಿಸಿ ಡಿಜಿಟಲ್ ಮಾಡಿಸಿತು. 1982ರಲ್ಲಿ ಮುಗಿದ ಕೆಲಸ, ಅದು ಮುಗಿದಾಗ ನಾವ್ಯಾರೂ ಹುಟ್ಟಿರಲಿಲ್ಲ. ಅದರಲ್ಲಿರೋ ಎಷ್ಟೋ ಹೆಂಗಸರು ಈಗ ಇರಲಿಕ್ಕಿಲ್ಲ, ಕ್ಯಾಮೆರಾ ಹಿಡಿದವರೂ ಇಲ್ಲ. ಆದರೂ ಬೆಂಗಳೂರಿನ ಒಂದು ಹಾಸ್ಟೆಲ್ ರೂಮಿನಲ್ಲಿ ಒಬ್ಬ ಹುಡುಗ ಸ್ಪೇಸ್ ಬಾರ್ ಒತ್ತಿ, ತನ್ನ ಅಜ್ಜಿಯ ಕೆಮ್ಮು ಎಲ್ಲಿಂದ ಬಂತು ಅಂತ ನೋಡ್ತಾನೆ. ನಾವು ಹೋದ ಸೆಮ್‌ನಲ್ಲಿ ಬರೆದ ಕೋಡ್ ಈಗಲೇ ನಮ್ಮ ಲ್ಯಾಪ್‌ಟಾಪ್‌ನಲ್ಲೇ ರನ್ ಆಗ್ತಿಲ್ಲ.

ಇದನ್ನ ಕನ್ನಡ ಸಂಘದಲ್ಲಿ ತೋರಿಸೋಣ ಅಂತ ಮೀಟಿಂಗ್‌ನಲ್ಲಿ ಹೇಳಿದಾಗ ಜಗಳವೇ ಆಯ್ತು. ಮರಾಠಿ ಸಿನಿಮಾನ ಕನ್ನಡ ಸಂಘದಲ್ಲಾ? ಅದೂ ನಿಪ್ಪಾಣಿದು? ಗಡಿ ವಿಷಯ ಸುಮ್ಮನೆ ಕೆದಕೋದು ಯಾಕೆ? ಕೇಳಿದವರ ಕಾಳಜಿ ನಮಗೂ ಅರ್ಥ ಆಗುತ್ತೆ. ನಾವು ಹೇಳಿದ್ದು ಇಷ್ಟೇ. ನಿಪ್ಪಾಣಿ ನಮ್ಮದು ಅಂತ ಗಟ್ಟಿಯಾಗಿ ಹೇಳ್ತೀವಲ್ಲ, ಹಾಗಾದ್ರೆ ಅಲ್ಲಿ ಧೂಳು ಕುಡಿದು ಕೆಲಸ ಮಾಡಿದ ಹೆಂಗಸರೂ ನಮ್ಮವರೇ. ಅವರು ಮಾತಾಡಿದ್ದು ಮರಾಠಿಯಲ್ಲಿ ಅನ್ನೋ ಕಾರಣಕ್ಕೆ ಅವರನ್ನ ಬಿಟ್ಟು ಬರೀ ಊರನ್ನ ಇಟ್ಟುಕೊಳ್ಳೋಕೆ ಆಗಲ್ಲ. ಇಂಗ್ಲಿಷ್ ಸಬ್‌ಟೈಟಲ್ ಓದಿ ನಮ್ಮ ರಾಜ್ಯದ ಕಥೆ ತಿಳ್ಕೊಳ್ಳೋ ಬದಲು ಕನ್ನಡದಲ್ಲಿ ಸಬ್‌ಟೈಟಲ್ ಬರೆಯೋಣ. ಕನ್ನಡ ಸಂಘ ಮಾಡೋಕೆ ಇದಕ್ಕಿಂತ ಒಳ್ಳೆ ಕೆಲಸ ಯಾವುದಿದೆ? ಸುಮಾರು ಹೊತ್ತಿನ ಮೇಲೆ ಕೈ ಎತ್ತಿ ಎಣಿಸಿದರು. ಒಂಬತ್ತು, ಏಳು. ಪಾಸಾಯ್ತು.

ಸಬ್‌ಟೈಟಲ್ ಕೆಲಸ ಅಂದುಕೊಂಡಷ್ಟು ಸುಲಭ ಅಲ್ಲ. ನಾವು ಮೂರು ಜನ ಇಂಗ್ಲಿಷ್ ಮೀಡಿಯಂ, ಕನ್ನಡ ಟೈಪ್ ಮಾಡೋಕೇ ಅರ್ಧ ಸಮಯ ಹೋಗ್ತಿತ್ತು. ಒಂದು ಸಾಲು ಸ್ಕ್ರೀನ್ ಮೇಲೆ ಇರೋದು ಎರಡು ಮೂರು ಸೆಕೆಂಡ್, ಅಷ್ಟರಲ್ಲಿ ಓದೋಕೆ ಆಗೋ ಹಾಗೆ ಕನ್ನಡ ಬೇಕು. ಪುಸ್ತಕದ ಕನ್ನಡ ಹಾಕಿದ್ರೆ ಕಾರ್ಖಾನೆಯ ಹೆಂಗಸರು ನ್ಯೂಸ್ ರೀಡರ್ ತರಹ ಮಾತಾಡ್ತಾರೆ. ಬೆಂಗಳೂರು ಕನ್ನಡ ಹಾಕಿದ್ರೆ ನಿಪ್ಪಾಣಿ ಅನ್ನಿಸೋದೇ ಇಲ್ಲ. ಕೊನೆಗೆ ಚಿಕ್ಕೋಡಿ ಕಡೆ ಕನ್ನಡದಲ್ಲೇ ಬರೆಯೋಣ ಅಂತ ತೀರ್ಮಾನಿಸಿದೆವು. ಹೆಸರಿಗೇ ಒಂದು ವಾರ ಹೋಯ್ತು. ಇಂಗ್ಲಿಷ್‌ನಲ್ಲಿ 'ಟೊಬ್ಯಾಕೊ ಎಂಬರ್ಸ್' ಅಂತಾರೆ, ನಾವು 'ಕೆಂಡ' ಅಂತ ಬರೆದಿದ್ದೆವು. 'ಊಬ್' ಅಂದ್ರೇನು ಅಂತ ಗೆಳೆಯ ಫೋನ್‌ನಲ್ಲಿ ಅಜ್ಜಿಯನ್ನ ಕೇಳಿದ. ಎರಡೂ ಭಾಷೆ ಆಡೋ ಅಜ್ಜಿ ಯೋಚನೆ ಮಾಡದೆ "ಕಾವು" ಅಂದರು. ಕೆಂಡ ಕಣ್ಣಿಗೆ ಕಾಣುತ್ತೆ, ಕಾವು ಹತ್ತಿರ ಹೋದವರಿಗೆ ಮಾತ್ರ ಗೊತ್ತಾಗುತ್ತೆ. ಕೆಂಡ ಅಳಿಸಿ ಕಾವು ಬರೆದೆವು.

ಅಜ್ಜಿಗೆ ಸಿನಿಮಾದ ಬಗ್ಗೆ ಹೇಳಿದಾಗ ಅವರು ಯಾರು ತೆಗೆದದ್ದು, ಯಾವ ಪ್ರಶಸ್ತಿ ಬಂತು ಅಂತ ಕೇಳಲಿಲ್ಲ. "ಅದರಾಗ ಯಾರ ಯಾರ ಅದಾರ?" ಅಂತ ಕೇಳಿದರು. ತಾವು ಕೆಲಸ ಮಾಡಿದ ವಖಾರಿಯಲ್ಲಿ ಬಾಯಿ ಬಿಡೋ ಹಾಗೇ ಇರಲಿಲ್ಲ ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಧೂಳಾ ಕಾಣಿಸ್ತತೇನ?" ಅಂತ ಕೇಳಿದರು. ಕಾಣಿಸುತ್ತೆ ಅಜ್ಜಿ, ಚೆನ್ನಾಗಿ ಕಾಣಿಸುತ್ತೆ ಅಂತ ನಾವು ನಾಲ್ಕೂ ಜನ ಸ್ಪೀಕರ್ ಫೋನ್ ಮುಂದೆ ಒಟ್ಟಿಗೆ ಹೇಳಿದೆವು.

ಧೂಳನ್ನ ಚಿತ್ರದಲ್ಲಿ ಹಿಡಿಯೋದು ಸುಲಭ ಅಲ್ಲ ಅಂತ ಆಮೇಲೆ ನಮ್ಮ ಕ್ಯಾಮೆರಾ ಹುಚ್ಚಿನ ಗೆಳೆಯ ವಿವರಿಸಿದ. ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬಂದಾಗ ಮಾತ್ರ ಗಾಳಿಯಲ್ಲಿರೋ ಕಣ ಹೊಳೆದು ಕಾಣುತ್ತೆ. ಬೆಳಕು ಕ್ಯಾಮೆರಾ ಕಡೆಯಿಂದ ನೇರ ಬಿದ್ದರೆ ಗಾಳಿ ಖಾಲಿ ಇದ್ದ ಹಾಗೆ ಕಾಣುತ್ತೆ. ಫಿಸಿಕ್ಸ್ ಲ್ಯಾಬಿನಲ್ಲಿ ಸ್ಕ್ಯಾಟರಿಂಗ್ ಅಂತ ಓದಿದ್ದು ಇದನ್ನೇ. ಅಂದ್ರೆ ತಪ್ಪು ಜಾಗದಲ್ಲಿ ನಿಂತರೆ, ಒಬ್ಬ ಹೆಂಗಸಿನ ಎದೆಯೊಳಗೆ ವರ್ಷಗಟ್ಟಲೆ ಹೋದ ಧೂಳು ಫಿಲ್ಮಿನ ಮೇಲೆ ಇಲ್ಲವೇ ಇಲ್ಲ. ಯಾರೋ ಅಲ್ಲಿ ಹೋಗಿ, ಕಿಟಕಿ ಎಲ್ಲಿದೆ ಅಂತ ನೋಡಿ, ನಿಲ್ಲಬೇಕಾದ ಜಾಗ ಹುಡುಕಿ ನಿಂತಿದ್ದಕ್ಕೆ ಅದು ಇವತ್ತಿಗೂ ಇದೆ.

ಸಬ್‌ಟೈಟಲ್ ಮುಕ್ಕಾಲು ಭಾಗ ಮುಗಿದಿದೆ. ತೋರಿಸೋಕೆ ಬೇಕಾದ ಅನುಮತಿ ಸಿಕ್ಕ ಮೇಲೆ, ಎರಡನೇ ಇಂಟರ್ನಲ್ಸ್ ಆದ ವಾರ, ಸೆಮಿನಾರ್ ಹಾಲ್‌ನಲ್ಲಿ ಇಟ್ಟುಕೊಳ್ಳೋಣ ಅಂತಿದ್ದೇವೆ. ದಿನ ನೋಟಿಸ್ ಬೋರ್ಡ್‌ನಲ್ಲಿ ಹಾಕ್ತೀವಿ. ಅಟೆಂಡೆನ್ಸ್ ಸಿಗಲ್ಲ, ಸರ್ಟಿಫಿಕೇಟ್ ಇಲ್ಲ. ಏಳು ಜನ ಬೇಡ ಅಂತ ಕೈ ಎತ್ತಿದ್ರಲ್ಲ, ಅವರಿಗೆ ಮುಂದಿನ ಸಾಲಿನ ಸೀಟು ನಾವೇ ಹಿಡಿದಿಟ್ಟಿರ್ತೀವಿ. ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರ ಕಡೆಯವರು ಯಾರಾದರೂ ಇದ್ರೆ ಅದಕ್ಕೂ ಮೊದಲೇ ನಮ್ಮ ರೂಮಿಗೆ ಬನ್ನಿ. ಹದಿನಾಲ್ಕು ಸಾಲುಗಳಲ್ಲಿ ನಮಗಿನ್ನೂ ಸರಿಯಾದ ಪದ ಸಿಕ್ಕಿಲ್ಲ.